ಒಂದು ಫೇಸಿನ ಮನೆ, ಮೂರು ಫೇಸಿನ ಮೋಟಾರು

(ಸಂಘದ ವಾರ್ಷಿಕ ಸಭೆಯಲ್ಲಿ ಸದಸ್ಯರು ಹಾಗೂ ವಿದ್ಯಾರ್ಥಿಗಳ ಮುಂದೆ ಮಾಡಿದ ಭಾಷಣದ ಬರಹರೂಪ)



ಉರ್ದು ಮತ್ತು ಕನ್ನಡ ಕಲಿಸುವವರು ಕರೆಂಟಿನ ಬಗ್ಗೆ ಮಾತನಾಡಲು ನಿಂತಿದ್ದಾರಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಿರಬಹುದು. ನಾನು ಇಂಜಿನಿಯರ್ ಅಲ್ಲ. ಆದರೆ ಇಂದು ನಾನು ಹೇಳಬೇಕೆಂದಿರುವುದು ಮೂಲತಃ ಓದಿಗೆ ಸಂಬಂಧಿಸಿದ ವಿಷಯವೇ. ಚನ್ನಪಟ್ಟಣದ ಗೊಂಬೆ ಲೇತಿನ ಕೆಳಗೆ, ರಾಮನಗರದ ನೂಲು ಬಿಚ್ಚಾಣಿಕೆ ಯಂತ್ರದ ಪಕ್ಕದಲ್ಲಿ, ಕನಕಪುರ, ಮಾಗಡಿಯ ಹಿಟ್ಟಿನ ಗಿರಣಿ ಮತ್ತು ಪಂಪ್‌ಸೆಟ್ಟುಗಳಲ್ಲಿ ಒಂದೊಂದು ಮೋಟಾರು ಇದೆ. ಅದರ ಬೆನ್ನ ಮೇಲೆ ಅಂಗೈಯಗಲದ ಒಂದು ತಗಡಿದೆ. ಅದರ ಮೇಲೆ ಹತ್ತು ಹನ್ನೆರಡು ಅಂಕಿ ಅಕ್ಷರಗಳಿವೆ. ನಮ್ಮ ಮಕ್ಕಳು ಎರಡು ಮೂರು ಭಾಷೆ ಓದುತ್ತಾರೆ. ಆದರೆ ಮನೆಗೆ ಅನ್ನ ಹಾಕುವ ಯಂತ್ರದ ಮೇಲಿನ ಆ ಒಂದು ತಗಡನ್ನು ಓದಿದವರು ಎಷ್ಟು ಜನ? ಎಣ್ಣೆ, ಧೂಳು, ಅರಗು ಮೆತ್ತಿಕೊಂಡು ಅದು ಹಾಗೆಯೇ ಕುಳಿತಿರುತ್ತದೆ.

ಶಾಲೆಗೆ ಬರುವ ಪೋಷಕರು ಮತ್ತು ಹಳೆಯ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ. "ಹಳೆಯ ಮೆಷಿನ್ ಕಡಿಮೆ ಬೆಲೆಗೆ ಸಿಕ್ಕಿದೆ. ಮನೆಗೆ ಸಿಂಗಲ್ ಫೇಸ್ ಇದೆ, ಮೋಟಾರು ತ್ರೀ ಫೇಸಿನದು. ಏನಾದರೂ ಹಾಕಿ ಓಡಿಸಬಹುದೇ?" ಇದು ಸಣ್ಣ ಪ್ರಶ್ನೆಯಲ್ಲ. ದೊಡ್ಡ ಕಾರ್ಖಾನೆಗಳು ಮಾರುವ ಹಳೆಯ ಯಂತ್ರಗಳೆಲ್ಲ ಬಹುಮಟ್ಟಿಗೆ ಮೂರು ಫೇಸಿನವು. ಅವುಗಳನ್ನು ಕೊಳ್ಳುವ ನಮ್ಮ ಕುಶಲಕರ್ಮಿಗಳ ಮನೆಗೆ ಕಂಬದಿಂದ ಬರುವುದು ಎರಡೇ ತಂತಿ. ಕೂಡಿಟ್ಟ ಹಣ ಯಂತ್ರದ ಮೇಲೆ ಹೋಗಿರುತ್ತದೆ. ಯಂತ್ರ ತಿರುಗದಿದ್ದರೆ ಹಣ ಹೋಯಿತು. ತಪ್ಪಾಗಿ ತಿರುಗಿಸಿದರೆ ಮೋಟಾರು ಹೋಯಿತು. ಕೆಲವೊಮ್ಮೆ ಅದಕ್ಕಿಂತ ದೊಡ್ಡದೇ ಹೋಗಬಹುದು.

ಮೊದಲು ಎರಡಕ್ಕೂ ಇರುವ ವ್ಯತ್ಯಾಸ ತಿಳಿಯೋಣ. ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಫೇಸ್, ಇನ್ನೊಂದು ನ್ಯೂಟ್ರಲ್. ಇವುಗಳ ನಡುವೆ 230 ವೋಲ್ಟ್. ಕಂಬದಿಂದ ನಾಲ್ಕು ತಂತಿ ಬಂದರೆ ಅದು ತ್ರೀ ಫೇಸ್: ಮೂರು ಫೇಸ್, ಒಂದು ನ್ಯೂಟ್ರಲ್. ಯಾವುದೇ ಎರಡು ಫೇಸುಗಳ ನಡುವೆ ಸುಮಾರು 415 ವೋಲ್ಟ್. ಕರೆಂಟು ಒಂದು ಸೆಕೆಂಡಿಗೆ 50 ಸಲ ಹಿಂದಕ್ಕೂ ಮುಂದಕ್ಕೂ ಹರಿಯುತ್ತದೆ. ಮೂರು ಫೇಸುಗಳಲ್ಲಿ ಈ ಏರಿಳಿತ ಏಕಕಾಲಕ್ಕೆ ಆಗುವುದಿಲ್ಲ; ಒಂದಾದ ಮೇಲೆ ಒಂದರಂತೆ ಸರದಿಯಲ್ಲಿ ಆಗುತ್ತದೆ.

ರಾಗಿ ಬೀಸುವ ಕಲ್ಲನ್ನು ನೆನಪಿಸಿಕೊಳ್ಳಿ. ಅದರ ಗೂಟವನ್ನು ಹಿಡಿದು ನೇರವಾಗಿ ಎದೆಯ ಕಡೆಗೆ ಎಳೆದು, ನೇರವಾಗಿ ಹಿಂದಕ್ಕೆ ತಳ್ಳಿದರೆ ಕಲ್ಲು ಅಲುಗಾಡುತ್ತದೆಯೇ ಹೊರತು ಸುತ್ತುವುದಿಲ್ಲ. ಒಂದು ಫೇಸಿನ ಕರೆಂಟು ಮೋಟಾರಿನೊಳಗೆ ಮಾಡುವುದು ಇಷ್ಟೇ ಕೆಲಸ. ಕಲ್ಲಿನ ಸುತ್ತ ಮೂವರು ಕುಳಿತು ಸರದಿಯ ಪ್ರಕಾರ ಎಳೆದರೆ ಅದು ತಾನಾಗಿ ಒಂದೇ ದಿಕ್ಕಿಗೆ ತಿರುಗುತ್ತದೆ. ಮೂರು ಫೇಸಿನ ಕೆಲಸ ಅದು. ಆದ್ದರಿಂದಲೇ ಮೂರು ಫೇಸಿನ ಮೋಟಾರಿಗೆ ಒಂದೇ ಫೇಸ್ ಕೊಟ್ಟರೆ ಅದು ಗುಂಯ್‌ಗುಡುತ್ತ ನಿಲ್ಲುತ್ತದೆ. ಬಿಸಿಯಾಗುತ್ತದೆ. ಹಾಗೆಯೇ ಬಿಟ್ಟರೆ ಸುಡುತ್ತದೆ. ಆದರೆ ಒಮ್ಮೆ ತಿರುಗತೊಡಗಿದ ಕಲ್ಲಿಗೆ ಒಬ್ಬರ ಕೈ ಸಾಕಾಗುವಂತೆ, ಓಡುತ್ತಿರುವ ಮೋಟಾರು ಒಂದು ಫೇಸ್ ಹೋದರೂ ಓಡುತ್ತಲೇ ಇರುತ್ತದೆ. ಉಳಿದ ತಂತಿಗಳಲ್ಲಿ ಹೆಚ್ಚು ಕರೆಂಟು ಎಳೆದುಕೊಂಡು ಒಳಗೊಳಗೇ ಬೇಯುತ್ತದೆ. ತ್ರೀ ಫೇಸ್ ಇರುವವರು ಇದನ್ನು ತಡೆಯುವ ಸಾಧನವನ್ನು ಸ್ಟಾರ್ಟರಿನಲ್ಲಿ ಹಾಕಿಸಿಕೊಳ್ಳಬೇಕು.

ಈ ಮೂರು ಫೇಸಿನ ವಿದ್ಯೆ ನಮ್ಮ ಭಾಗಕ್ಕೆ ಹೊಸದಲ್ಲ. ಕನಕಪುರದಿಂದ ಸಾತನೂರು, ಹಲಗೂರು ದಾಟಿ ಮಳವಳ್ಳಿಯ ಕಡೆಗೆ ಹೋದರೆ ಶಿವನಸಮುದ್ರ ಸಿಗುತ್ತದೆ. 1902ರಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದ ಯೋಜನೆ ಕೈಗೂಡಿ, ಅಲ್ಲಿನ ಕಾವೇರಿಯ ನೀರಿನಿಂದ ತಯಾರಾದ ವಿದ್ಯುತ್ತು ನೂರ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ಆಗಲೂ ಅದು ಮೂರು ಫೇಸಿನ ವಿದ್ಯುತ್ತೇ. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿತು. ಗಣಿಗೂ ಗಿರಣಿಗೂ ಮೂರು ಫೇಸ್, ಮನೆಯ ದೀಪಕ್ಕೆ ಒಂದು ಫೇಸ್ ಎಂಬ ಹಂಚಿಕೆ ಮುಂದೆ ರೂಢಿಯಾಯಿತು. ಕಾರ್ಖಾನೆಯೂ ಮನೆಯೂ ಒಂದೇ ಸೂರಿನಡಿ ಇರುವ ನಮ್ಮಂಥ ಊರುಗಳಿಗೆ ಈ ಹಂಚಿಕೆ ಸರಿಯಾಗಿ ಹೊಂದುವುದಿಲ್ಲ. ತೊಂದರೆಯ ಬೇರು ಇಲ್ಲಿದೆ.

ಹಾಗಾದರೆ ಒಂದು ಫೇಸಿನಿಂದ ಮೂರು ಫೇಸ್ ಮಾಡಿಕೊಳ್ಳಬಹುದೇ? ಮಾಡಿಕೊಳ್ಳಬಹುದು. ಆದರೆ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಸರದಿಯನ್ನು ಹುಟ್ಟಿಸಬಹುದು, ಶಕ್ತಿಯನ್ನು ಹುಟ್ಟಿಸಲಾಗದು. ಯಾವ ಪೆಟ್ಟಿಗೆ ಹಾಕಿದರೂ ಯಂತ್ರಕ್ಕೆ ಬೇಕಾದ ಅಷ್ಟೂ ಶಕ್ತಿ ಅದೇ ಎರಡು ತಂತಿಗಳಲ್ಲಿ ಬರಬೇಕು. ವಿದ್ಯಾರ್ಥಿಗಳೇ, ಲೆಕ್ಕ ಮಾಡಿ ನೋಡಿ. ಒಂದು ಎಚ್.ಪಿ. ಎಂದರೆ 746 ವಾಟ್. ಮೂರು ಎಚ್.ಪಿ. ಮೋಟಾರು ಕೊಡುವುದು 2,238 ವಾಟ್. ಅದು ನೂರಕ್ಕೆ ಎಂಬತ್ತರಷ್ಟು ದಕ್ಷವಾಗಿದ್ದರೆ ಎಳೆಯುವುದು ಸುಮಾರು 2,800 ವಾಟ್. ತ್ರೀ ಫೇಸ್ 415 ವೋಲ್ಟಿನಲ್ಲಿ ಇದು ಒಂದೊಂದು ತಂತಿಗೆ ಸುಮಾರು 5 ಆಂಪಿಯರ್ ಮಾತ್ರ. ಅದೇ ಕೆಲಸವನ್ನು ಡ್ರೈವ್ ಮೂಲಕ ಒಂದು ಫೇಸಿನಿಂದ ಮಾಡಿಸಿದರೆ ಮನೆಯ ತಂತಿಯಲ್ಲಿ 20 ಆಂಪಿಯರಿಗೂ ಮೇಲೆ ಹರಿಯಬಹುದು. ಇಸ್ತ್ರಿಪೆಟ್ಟಿಗೆ, ಗೀಸರಿಗೆಂದು ಹಾಕಿದ 16 ಆಂಪಿಯರಿನ ಪ್ಲಗ್ಗು ಇದನ್ನು ತಾಳದು. ಗೋಡೆಯೊಳಗಿನ ಹಳೆಯ ತಂತಿಯೂ ತಾಳದು. ಗೋಡೆಯ ಆ ಬದಿಯಲ್ಲಿ ಮಕ್ಕಳು ಮಲಗಿರುತ್ತಾರೆ ಎಂಬುದನ್ನು ನಾನು ಬೇರೆ ಹೇಳಬೇಕಿಲ್ಲ.

ಈಗ ದಾರಿಗಳನ್ನು ನೋಡೋಣ. ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದು ಕಂಡೆನ್ಸರ್ ದಾರಿ. ಎರಡು ತಂತಿಯನ್ನು ಮೋಟಾರಿನ ಎರಡು ತುದಿಗೆ ಕೊಟ್ಟು, ಮೂರನೆಯ ತುದಿಗೆ ಕಂಡೆನ್ಸರ್ ಮೂಲಕ ಕರೆಂಟು ಕೊಡುತ್ತಾರೆ. ಕಂಡೆನ್ಸರ್ ಕರೆಂಟಿನ ಸರದಿಯನ್ನು ಸ್ವಲ್ಪ ಹಿಂದೆ ಮುಂದೆ ಮಾಡುತ್ತದೆ. ಮೋಟಾರಿಗೆ ದಿಕ್ಕು ಸಿಗುತ್ತದೆ. 230 ವೋಲ್ಟಿನಲ್ಲಿ ಒಂದು ಕಿಲೋವಾಟಿಗೆ ಸುಮಾರು 70 ಮೈಕ್ರೋಫ್ಯಾರಡ್ ಎಂಬುದು ರೂಢಿಯ ಲೆಕ್ಕ. ಆದರೆ ಇದರಲ್ಲಿ ಮೋಟಾರಿನ ಪೂರ್ತಿ ಬಲ ಸಿಗುವುದಿಲ್ಲ; ಮೂರರಲ್ಲಿ ಎರಡು ಪಾಲು ಸಿಕ್ಕರೆ ಹೆಚ್ಚು. ಶುರುವಾಗುವಾಗಿನ ಬಲ ಇನ್ನೂ ಕಡಿಮೆ. ಭಾರ ಬದಲಾದಂತೆ ಸರದಿ ಕೆಡುತ್ತದೆ, ಒಂದು ಸುತ್ತು ಹೆಚ್ಚು ಬಿಸಿಯಾಗುತ್ತದೆ. ಹಗುರವಾಗಿ ಶುರುವಾಗಿ ಒಂದೇ ಸಮನೆ ಓಡುವ ಸಣ್ಣ ಯಂತ್ರಕ್ಕೆ ಇದು ಸರಿ. ಘಳಿಗೆಗೊಮ್ಮೆ ನಿಲ್ಲಿಸಿ ಶುರು ಮಾಡುವ ಲೇತಿಗೂ, ಕಾಳು ತುಂಬಿದ ಗಿರಣಿಗೂ ಸಲ್ಲದು.

ಕಂಡೆನ್ಸರ್ ದಾರಿ ಊರಿಗೇ ಏನು ಮಾಡಿತು ಎಂಬುದನ್ನು ಕರ್ನಾಟಕದ ಹಳ್ಳಿಗಳು ಕಂಡಿವೆ. ಹಿಂದೆ ಹಳ್ಳಿಗಳಿಗೆ ದಿನದಲ್ಲಿ ಕೆಲವೇ ಗಂಟೆ ತ್ರೀ ಫೇಸ್, ಉಳಿದ ಹೊತ್ತು ದೀಪಕ್ಕೆಂದು ಸಿಂಗಲ್ ಫೇಸ್ ಕೊಡುತ್ತಿದ್ದರು. ನೀರು ಬೇಕಾದ ರೈತರು ಆ ಸಿಂಗಲ್ ಫೇಸಿನಲ್ಲೇ ಕಂಡೆನ್ಸರ್ ಹಾಕಿ ಪಂಪ್‌ಸೆಟ್ ಓಡಿಸಿದರು. ಬೆಳೆ ಒಣಗುವಾಗ ಅವರನ್ನು ದೂರುವುದು ಸುಲಭವಲ್ಲ. ಆದರೆ ಎಲ್ಲರ ಭಾರವೂ ಒಂದೇ ಕಡೆ ಬಿದ್ದು ವೋಲ್ಟೇಜು ಕುಸಿಯಿತು, ಮೋಟಾರುಗಳು ಸುಟ್ಟವು, ಟಿ.ಸಿ.ಗಳು ಸುಟ್ಟವು, ಮನೆಯ ದೀಪ ಮಿಣುಕತೊಡಗಿತು. ಕೊನೆಗೆ 2008-09ರ ನಂತರ ಸರ್ಕಾರ ನಿರಂತರ ಜ್ಯೋತಿ ಯೋಜನೆಯಲ್ಲಿ ಪಂಪ್‌ಸೆಟ್ಟಿನ ಲೈನನ್ನೂ ಊರಿನ ಲೈನನ್ನೂ ಬೇರೆ ಬೇರೆ ಮಾಡಬೇಕಾಯಿತು. ಒಬ್ಬೊಬ್ಬರ ಉಪಾಯ ಎಲ್ಲರ ಅಪಾಯವಾದುದಕ್ಕೆ ಇದು ನಮ್ಮ ಕಣ್ಣೆದುರಿನ ಪಾಠ.

ಎರಡನೆಯದು, ಒಂದು ಮೋಟಾರಿನಿಂದ ಇನ್ನೊಂದಕ್ಕೆ ಸರದಿ ಕೊಡಿಸುವ ದಾರಿ. ಮೂರು ಫೇಸಿನ ಒಂದು ದೊಡ್ಡ ಮೋಟಾರನ್ನು ಕಂಡೆನ್ಸರ್ ಸಹಾಯದಿಂದ ಖಾಲಿ ಓಡಿಸುತ್ತಾರೆ. ಓಡುವಾಗ ಅದರ ಮೂರನೆಯ ತುದಿಯಲ್ಲಿ ತಾನಾಗಿ ವಿದ್ಯುತ್ತು ಹುಟ್ಟುತ್ತದೆ. ಅದರಿಂದ ಉಳಿದ ಯಂತ್ರಗಳು ಓಡುತ್ತವೆ. ಅಮೆರಿಕದಂಥ ದೇಶಗಳ ಮನೆ ಕಾರ್ಯಾಗಾರಗಳಲ್ಲಿ ಇದು ಬಹಳ ಬಳಕೆಯಲ್ಲಿದೆ. ಕಂಡೆನ್ಸರಿಗಿಂತ ಇದು ಮೇಲು. ಆದರೆ ಖಾಲಿ ಓಡುವ ಮೋಟಾರಿನ ಸದ್ದು, ಅದು ದಿನವಿಡೀ ತಿನ್ನುವ ಕರೆಂಟು ಎರಡೂ ನಮ್ಮ ಲೆಕ್ಕಕ್ಕೆ ಸೇರುತ್ತವೆ. ಸಿಗುವುದು 230 ವೋಲ್ಟೇ ಹೊರತು 415 ಅಲ್ಲ ಎಂಬುದನ್ನೂ ಮರೆಯಬಾರದು.

ಮೂರನೆಯದು, ಇಂದಿನ ದಿನ ಹೆಚ್ಚು ಉಪಯುಕ್ತವಾದ ವಿಎಫ್‌ಡಿ. ಅಂಗಡಿಯಲ್ಲಿ ಡ್ರೈವ್ ಎನ್ನುತ್ತಾರೆ. ಇದು ಒಂದು ಫೇಸಿನ ಕರೆಂಟನ್ನು ಮೊದಲು ಬ್ಯಾಟರಿಯ ಕರೆಂಟಿನಂತೆ ನೇರ ಮಾಡಿಕೊಂಡು, ಅದರಿಂದ ಹೊಸದಾಗಿ ಮೂರು ಫೇಸನ್ನು ಸರಿಯಾದ ಸರದಿಯಲ್ಲಿ ಕಟ್ಟುತ್ತದೆ. ಮೋಟಾರನ್ನು ಮೆಲ್ಲನೆ ಶುರು ಮಾಡುತ್ತದೆ. ನೇರವಾಗಿ ಸ್ವಿಚ್ಚು ಹಾಕಿದರೆ ಮೋಟಾರು ಶುರುವಿನಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ; ಡ್ರೈವಿನಲ್ಲಿ ಆ ಹೊಡೆತವಿಲ್ಲ. ಇನ್ನೊಂದು ಲಾಭ ಚನ್ನಪಟ್ಟಣದವರಿಗೆ ಬೇಗ ಅರ್ಥವಾಗುತ್ತದೆ. ತಿರುಗುವ ಹಾಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದಾಗ ಉಜ್ಜುವ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ವೇಗ ಕಡಿಮೆಯಾದರೆ ಕರಗದು, ಹೆಚ್ಚಾದರೆ ಸೀಯುತ್ತದೆ. ಡ್ರೈವಿನಲ್ಲಿ ಗುಂಡಿ ತಿರುಗಿಸಿ ವೇಗವನ್ನು ಕೈಗೆ ಬೇಕಾದಂತೆ ಇಟ್ಟುಕೊಳ್ಳಬಹುದು. ಆದರೆ ಬಹಳ ನಿಧಾನವಾಗಿ ಬಹಳ ಹೊತ್ತು ಓಡಿಸಿದರೆ ಮೋಟಾರಿನ ಹಿಂದಿನ ಫ್ಯಾನೂ ನಿಧಾನವಾಗಿ ಮೋಟಾರು ಕಾಯುತ್ತದೆ.

ಡ್ರೈವ್ ಕೊಳ್ಳುವ ಮೊದಲು ತಗಡನ್ನು ಓದಲೇಬೇಕು. ಅದರಲ್ಲಿ ಎಚ್.ಪಿ. ಅಥವಾ ಕಿಲೋವಾಟ್, ವೋಲ್ಟ್, ಆಂಪಿಯರ್, ನಿಮಿಷದ ಸುತ್ತು ಮತ್ತು ಜೋಡಣೆ ಬರೆದಿರುತ್ತದೆ. ಜೋಡಣೆ ಎರಡು ಬಗೆ: ಸ್ಟಾರ್, ಡೆಲ್ಟಾ. ಡೆಲ್ಟಾಕ್ಕೆ ತ್ರಿಕೋನದ ಗುರುತು, ಸ್ಟಾರಿಗೆ ಕವಣೆ ಕೋಲಿನಂತೆ ಕವಲೊಡೆದ ಗುರುತು. 415 ವೋಲ್ಟ್ ಸ್ಟಾರ್ ಎಂದಿದ್ದರೆ ಒಂದೊಂದು ಸುತ್ತಿಗೆ ಬೀಳುವುದು 415ನ್ನು 1.732ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 240 ವೋಲ್ಟ್. ಅದೇ ಸುತ್ತುಗಳನ್ನು ಡೆಲ್ಟಾಕ್ಕೆ ಬದಲಿಸಿದರೆ ಡ್ರೈವ್ ಕೊಡುವ 230 ವೋಲ್ಟಿನಲ್ಲಿ ಮೋಟಾರು ಸರಿಯಾಗಿ ಓಡುತ್ತದೆ. ಪೆಟ್ಟಿಗೆಯಲ್ಲಿ ಆರು ತುದಿಗಳಿದ್ದರೆ ಪಟ್ಟಿ ಬದಲಿಸಿದರೆ ಸಾಕು. ಮೂರೇ ತುದಿಗಳಿದ್ದರೆ ವೈಂಡಿಂಗ್ ಅಂಗಡಿಯಲ್ಲಿ ಒಳಗಿನ ಗಂಟು ಬಿಚ್ಚಿ ಉಳಿದ ಮೂರನ್ನು ಹೊರಗೆ ತೆಗೆಸಬೇಕು. ಹಾಗೆ ಬದಲಿಸಿದ ಮೇಲೆ ಆಂಪಿಯರ್ ಕೂಡ 1.732 ಪಟ್ಟಾಗುತ್ತದೆ, ಡ್ರೈವಿನಲ್ಲಿ ಆ ಅಂಕಿಯನ್ನೇ ತುಂಬಬೇಕು. ತಗಡಿನಲ್ಲಿ 415 ವೋಲ್ಟ್ ಡೆಲ್ಟಾ ಎಂದಿದ್ದರೆ ಸಾಮಾನ್ಯ ಸಿಂಗಲ್ ಫೇಸ್ ಡ್ರೈವ್ ಅದಕ್ಕೆ ಆಗುವುದಿಲ್ಲ. ಇಷ್ಟು ಓದದೆ ಡ್ರೈವ್ ತಂದವರು ಮೋಟಾರಿನಲ್ಲಿ ಬಲವೇ ಇಲ್ಲವೆಂದು ಡ್ರೈವನ್ನು ಬೈಯುತ್ತಾರೆ.

ನಾಲ್ಕನೆಯ ದಾರಿ ಎಲ್ಲಕ್ಕಿಂತ ಸರಳ, ಆದ್ದರಿಂದಲೇ ಯಾರಿಗೂ ನೆನಪಾಗುವುದಿಲ್ಲ. ಮೋಟಾರನ್ನೇ ಬದಲಿಸುವುದು. ಒಂದು ಎಚ್.ಪಿ.ಯವರೆಗಿನ ಲೇತಿಗೆ, ನೂಲು ಬಿಚ್ಚುವ ಸಣ್ಣ ಘಟಕಕ್ಕೆ ಸಿಂಗಲ್ ಫೇಸಿನ ಮೋಟಾರು ಸುಲಭವಾಗಿ ಸಿಗುತ್ತದೆ. ಅದರ ಕಂಡೆನ್ಸರನ್ನು ತಯಾರಿಸಿದವರೇ ಲೆಕ್ಕ ಹಾಕಿ ಕೂರಿಸಿರುತ್ತಾರೆ. ಸುತ್ತು ಮತ್ತು ಶಾಫ್ಟಿನ ಅಳತೆ ಹೊಂದಿಸಿ ತಂದು, ಹಳೆಯದನ್ನು ಮಾರಿದರೆ ಖರ್ಚಿನ ಒಂದು ಪಾಲು ಹಿಂದಕ್ಕೆ ಬರುತ್ತದೆ.

ಐದನೆಯದು ಅಸಲು ದಾರಿ: ತ್ರೀ ಫೇಸ್ ಸಂಪರ್ಕಕ್ಕೇ ಅರ್ಜಿ ಹಾಕುವುದು. ಹಿಟ್ಟಿನ ಗಿರಣಿ, ಎರಡು ಮೂರು ಯಂತ್ರಗಳ ಕಾರ್ಖಾನೆ, ದೊಡ್ಡ ಸ್ವಯಂಚಾಲಿತ ನೂಲು ಬಿಚ್ಚಾಣಿಕೆ ಯಂತ್ರ ಇವುಗಳಿಗೆ ಬೇರೆ ದಾರಿ ಹುಡುಕುವುದೇ ನಷ್ಟ. ನಮ್ಮ ನಾಲ್ಕೂ ಊರು ಬೆಸ್ಕಾಂ ವ್ಯಾಪ್ತಿಯಲ್ಲಿವೆ. ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರ ಮೂಲಕ ಉಪವಿಭಾಗದ ಕಚೇರಿಗೆ ಅರ್ಜಿ ಕೊಡಬೇಕು. ವಿಚಾರಿಸಲು 1912 ಸಂಖ್ಯೆ ಇದೆ. ಅರ್ಜಿ, ಖರ್ಚು, ದಾಖಲೆ, ಜವಾಬ್ದಾರಿ, ಈ ಪದಗಳು ಉರ್ದುವಿನಲ್ಲೂ ಇವೆ, ಕನ್ನಡದಲ್ಲೂ ಇವೆ. ಕಚೇರಿಗೆ ಹೋಗಲು ಹಿಂಜರಿಯುವ ನಮ್ಮ ಜನ ಇವು ತಮ್ಮದೇ ಮಾತುಗಳೆಂದು ತಿಳಿಯಲಿ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ಗೃಹಬಳಕೆಯ ಸಂಪರ್ಕದಿಂದ ಕೈಗಾರಿಕೆಯ ಯಂತ್ರ ಓಡಿಸುವುದು, ಮಂಜೂರಾದುದಕ್ಕಿಂತ ಹೆಚ್ಚು ಭಾರ ಹಾಕುವುದು 2003ರ ವಿದ್ಯುತ್ ಕಾಯ್ದೆಯ 126ನೇ ವಿಧಿಯಂತೆ ಅನಧಿಕೃತ ಬಳಕೆ. ಅದಕ್ಕೆ ದರದ ಎರಡರಷ್ಟು ವಸೂಲಿ ಮಾಡಬಹುದು. ಎಂದಿನಿಂದ ಎಂದು ತಿಳಿಯದಿದ್ದರೆ ಹಿಂದಿನ ಹನ್ನೆರಡು ತಿಂಗಳಿಗೂ ಲೆಕ್ಕ ಹಾಕಬಹುದು. 2023ರಲ್ಲಿ ಶುರುವಾದ ಗೃಹಜ್ಯೋತಿಯ ಉಚಿತ ವಿದ್ಯುತ್ತು ಮನೆ ಬಳಕೆಗೆ ಮಾತ್ರ. ಆ ಮೀಟರಿನಿಂದ ಕಾರ್ಖಾನೆ ನಡೆಸಿ ಉಳಿಸಿದ ಹಣ ಉಳಿದ ಹಣವಲ್ಲ. ಅದು ಯಾವತ್ತೋ ಒಂದು ದಿನ ಒಟ್ಟಿಗೆ ಬರುವ ಸಾಲ. ಮನೆಯೊಳಗೆ ನಡೆಸುವ ನಿಮ್ಮ ಕಸುಬಿಗೆ ಯಾವ ದರ ಅನ್ವಯಿಸುತ್ತದೆ ಎಂದು ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಿ.

ಜೀವದ ಮಾತನ್ನು ಕಾನೂನಿಗಿಂತ ಮೊದಲೇ ಹೇಳಬೇಕಿತ್ತು. ಸ್ವಿಚ್ಚು ಆರಿಸಿದ ಮೇಲೂ ಕಂಡೆನ್ಸರಿನಲ್ಲಿ, ಡ್ರೈವಿನಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ತು ಉಳಿದಿರುತ್ತದೆ. ಡ್ರೈವಿನ ಮೇಲೆ ಬರೆದಷ್ಟು ನಿಮಿಷ ಕಾದು, ಅಳೆದು ನೋಡಿದ ಮೇಲೆಯೇ ಮುಚ್ಚಳ ತೆಗೆಯಬೇಕು. ಡ್ರೈವಿಗೂ ಮೋಟಾರಿಗೂ ನಡುವೆ ಸ್ವಿಚ್ಚನ್ನಾಗಲಿ ಕಂಡೆನ್ಸರನ್ನಾಗಲಿ ಹಾಕಬಾರದು. ಮರದ ಧೂಳು ಒಳಗೆ ಹೋಗದಂತೆ, ಆದರೆ ಗಾಳಿಯಾಡುವಂತೆ ಅದನ್ನು ಪೆಟ್ಟಿಗೆಯಲ್ಲಿಡಬೇಕು. ರೇಷ್ಮೆ ಗೂಡು ಬೇಯಿಸುವ ಕಡೆ ನೆಲ ಒದ್ದೆ, ಕೈ ಒದ್ದೆ. ಅಲ್ಲಿ ಬಹುಪಾಲು ದುಡಿಯುವವರು ನಮ್ಮ ತಾಯಂದಿರು, ಅಕ್ಕತಂಗಿಯರು. ಸರಿಯಾದ ಅರ್ಥಿಂಗೂ, ಕರೆಂಟು ಸೋರಿದರೆ ತಾನೇ ಬೀಳುವ ಆರ್‌ಸಿಸಿಬಿಯೂ ಅಲ್ಲಿ ಇರಲೇಬೇಕು. ಪದೇ ಪದೇ ಬೀಳುತ್ತದೆಂದು ಅದನ್ನು ಕಿತ್ತುಹಾಕಬೇಡಿ. ಅದು ಏಕೆ ಬೀಳುತ್ತಿದೆ ಎಂದು ತಿಳಿದವರನ್ನು ಕರೆದು ಕೇಳಿ.

ಸದಸ್ಯರ ಮುಂದೆ ಒಂದು ಸಲಹೆ ಇಡುತ್ತೇನೆ. ಬರುವ ರಜೆಯಲ್ಲಿ ಒಂಬತ್ತನೇ ತರಗತಿಯ ಮೇಲಿನ ವಿದ್ಯಾರ್ಥಿಗಳು ತಮ್ಮ ಮನೆಯ, ನೆರೆಮನೆಯ ಯಂತ್ರಗಳ ತಗಡನ್ನು ಓದಿ ಬರೆದುಕೊಳ್ಳಲಿ. ಯಂತ್ರ ನಿಲ್ಲಿಸಿ, ಮೈನ್ ಆರಿಸಿ, ದೊಡ್ಡವರ ಮುಂದೆ. ಎಚ್.ಪಿ. ಎಷ್ಟು, ವೋಲ್ಟ್ ಎಷ್ಟು, ಆಂಪಿಯರ್ ಎಷ್ಟು, ಸ್ಟಾರೋ ಡೆಲ್ಟಾವೋ, ಕಂಬದಿಂದ ಬರುವ ತಂತಿ ಎಷ್ಟು, ಮಂಜೂರಾದ ಭಾರ ಎಷ್ಟು ಎಂಬುದು ಒಂದು ಪುಟದಲ್ಲಿ ಬರುತ್ತದೆ. ಆ ಪುಟಗಳನ್ನು ಮುಂದಿಟ್ಟುಕೊಂಡು ಒಬ್ಬ ಅನುಭವಿ ಎಲೆಕ್ಟ್ರಿಷಿಯನ್ ಜೊತೆ ಸಂಘ ಒಂದು ದಿನ ಕುಳಿತರೆ ಯಾರು ಮೋಟಾರು ಬದಲಿಸಬೇಕು, ಯಾರು ಡ್ರೈವ್ ಹಾಕಬೇಕು, ಯಾರು ಅರ್ಜಿ ಬರೆಯಬೇಕು ಎಂಬುದು ತೀರ್ಮಾನವಾಗುತ್ತದೆ. ಅರ್ಜಿ ಬರೆಯಲು ನಾನು ಕೂರುತ್ತೇನೆ. ಆ ಕೆಲಸ ನನಗೆ ಬರುತ್ತದೆ.

ವಿದ್ಯಾರ್ಥಿಗಳೇ, ಚನ್ನಪಟ್ಟಣದ ಗೊಂಬೆ ಕಸುಬಿನ ಹಿರಿಯರೆಂದು ನೆನೆಯುವ ಬಾವಾ ಮಿಯಾನ್ ಅವರು ಜಪಾನಿನ ವಿಧಾನಗಳನ್ನು ಇಲ್ಲಿನ ಕೆಲಸಕ್ಕೆ ಅಳವಡಿಸಿದರೆಂದು ಹೇಳುತ್ತಾರೆ. ಕಲಿತದ್ದನ್ನು ಕೈಗೆ ತಂದವರಿಂದಲೇ ಹುನರ್ ಉಳಿಯುತ್ತದೆ. ಎಸ್ಸೆಸ್ಸೆಲ್ಸಿಯ ನಂತರ ಐ.ಟಿ.ಐ.ಯಲ್ಲಿ ಎಲೆಕ್ಟ್ರಿಷಿಯನ್ ತರಬೇತಿ ಎರಡು ವರ್ಷ. ಲೇತಿನ ಮುಂದೆ ತಂದೆಯೊಂದಿಗೆ ಕೂರುವ ಹುಡುಗ, ಬೇಸಿನ್ ಮುಂದೆ ತಾಯಿಯೊಂದಿಗೆ ನಿಲ್ಲುವ ಹುಡುಗಿ ಆ ಎರಡು ವರ್ಷ ಕಲಿತು ಬಂದರೆ ಒಂದು ಬೀದಿಯ ಕಾರ್ಖಾನೆಗಳಿಗೇ ಆಸರೆಯಾಗುತ್ತಾರೆ. ಬೀದಿಯ ಕಂಬದಲ್ಲಿ ಮೂರು ಫೇಸೂ ಇದ್ದು ನಮ್ಮ ಮನೆಗೆ ಒಂದೇ ಬಂದಿದ್ದರೆ, ಉಳಿದ ಎರಡನ್ನು ಕೇಳಿ ಪಡೆಯುವ ತಿಳಿವಳಿಕೆ ನಮಗೆ ಬೇಕು. ಅದು ಬರುವವರೆಗೆ, ಇರುವ ಒಂದರಲ್ಲಿ ಎಷ್ಟು ಕೆಲಸ ಸುರಕ್ಷಿತವಾಗಿ ಆಗುತ್ತದೆಯೋ ಅಷ್ಟನ್ನೇ ಮಾಡುವ ತಾಳ್ಮೆಯೂ ಬೇಕು.